ಲಗ್ನಪತ್ರಿಕೆ ಅಚ್ಚು ಹಾಕುವವನು ಅರಿಸ್ಟಾಟಲ್ ಓದಿದ ಕಥೆ

ಹೋದ ವರ್ಷ ನಮ್ಮ ಮನೆಯಲ್ಲಿ ದನಗಳ ವಿಷಯಕ್ಕೆ ಒಂದು ಜಗಳ ಆಯಿತು. ನಮ್ಮ ಮನೆಯಲ್ಲಿ ದನ ಇಲ್ಲ. ಇದ್ದದ್ದು ಅರಿಸ್ಟಾಟಲ್ ಬರೆದದ್ದರಲ್ಲಿ. ಅಲ್ಲಿಗೆ ಬರುವ ಮೊದಲು ನನ್ನ ಕಸುಬು ಏನು, ನನಗೂ ಗ್ರೀಕರಿಗೂ ಎಲ್ಲಿಂದೆಲ್ಲಿಯ ನಂಟು ಅಂತ ಹೇಳಿಬಿಡುತ್ತೇನೆ.

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್. ಇಪ್ಪತ್ತೆರಡು ವರ್ಷದಿಂದ ಡಿಟಿಪಿ ಕೆಲಸ. ಮದುವೆ ಸೀಸನ್ ಬಂತೆಂದರೆ ದಿನಕ್ಕೆ ಎಂಟು ಹತ್ತು ಲಗ್ನಪತ್ರಿಕೆ. 'ಚಿ|| ರಾ||', 'ಚಿ|| ಕುಂ|| ಸೌ||', 'ಆಶೀರ್ವಾದವೇ ಉಡುಗೊರೆ', 'ಸುಖಾಗಮನ ಬಯಸುವವರು', ಇದೆಲ್ಲ ನನ್ನ ಬೆರಳಿಗೇ ಬರುತ್ತದೆ, ತಲೆ ಬೇಕಾಗಿಲ್ಲ. 'ಪ್ರೀತಿಯ ಆಹ್ವಾನ', 'ಪ್ರೀತಿಪೂರ್ವಕ ಸ್ವಾಗತ' ಅಂತ ಪ್ರೀತಿ ಅನ್ನುವ ಪದವನ್ನು ದಿನಕ್ಕೆ ಕಡಿಮೆ ಅಂದರೂ ಇಪ್ಪತ್ತು ಸಲ ಕೀಬೋರ್ಡಿನಲ್ಲಿ ಕುಟ್ಟುವವನು ನಾನು. ಅದರ ಬಗ್ಗೆ ಒಂದು ನಿಮಿಷ ಯೋಚನೆ ಮಾಡಿದವನಲ್ಲ.

ಮೂರು ವರ್ಷದ ಹಿಂದೆ ಆಷಾಢದಲ್ಲಿ, ಅಂದರೆ ನಮಗೆ ಕೆಲಸವೇ ಇರದ ತಿಂಗಳಲ್ಲಿ, ಒಬ್ಬರು ನಿವೃತ್ತ ಮೇಷ್ಟ್ರು ಬಂದರು. ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಹೇಳಿದವರು. ರಟ್ಟಿನ ಫೈಲಿನಲ್ಲಿ ಇನ್ನೂರ ಎಂಬತ್ತು ಪುಟ ಕೈಬರಹ. ಗ್ರೀಕ್ ತತ್ತ್ವಶಾಸ್ತ್ರದ ಮೇಲೆ ಅವರು ವರ್ಷಾನುಗಟ್ಟಲೆ ಹೇಳಿದ ಪಾಠದ ಟಿಪ್ಪಣಿ. ಐವತ್ತೇ ಪ್ರತಿ ಸಾಕು, ಹಳೇ ವಿದ್ಯಾರ್ಥಿಗಳಿಗೆ ಕೊಡೋಕೆ ಅಂದರು. ಸುಮ್ನೆ ಕೂತಿರುವುದಕ್ಕಿಂತ ಒಳ್ಳೆಯದು ಅಂತ ಒಪ್ಪಿಕೊಂಡೆ.

ನಾನು ಮಾಡಿದ ತಪ್ಪು ಕೇಳಿ. ಫಿಲಿಯ ಅನ್ನುವ ಗ್ರೀಕ್ ಪದಕ್ಕೆ ಮೇಷ್ಟ್ರು ಒಂದು ಕಡೆ ಸ್ನೇಹ ಅಂತ ಬರೆದಿದ್ದರು, ಇನ್ನೊಂದು ಕಡೆ ಪ್ರೀತಿ, ಮತ್ತೊಂದು ಕಡೆ ನಂಟು, ಒಂದೆರಡು ಕಡೆ ಅಕ್ಕರೆ. ವಯಸ್ಸಾದವರು, ಹಿಂದೆ ಬರೆದದ್ದು ಮರೆತಿದ್ದಾರೆ ಅಂದುಕೊಂಡೆ. ಆ ಅಧ್ಯಾಯದಲ್ಲಿ ಇವನ್ನೆಲ್ಲ ಹುಡುಕಿ ಹುಡುಕಿ ಒಂದೇ ಏಟಿಗೆ 'ಸ್ನೇಹ' ಮಾಡಿಬಿಟ್ಟೆ. ಉಪಕಾರ ಮಾಡಿದೆ ಅಂತ ನನ್ನ ಲೆಕ್ಕ. ಪ್ರೂಫ್ ನೋಡುತ್ತಿದ್ದ ಮೇಷ್ಟ್ರು ಕೆಂಪು ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ತಾಯಿಗೂ ಕೂಸಿಗೂ ಸ್ನೇಹ ಅಂತ ಹಾಕಿದ್ದೀರಲ್ಲ ಸ್ವಾಮಿ, ಅವರೇನು ಬಸ್ ಸ್ಟ್ಯಾಂಡಿನಲ್ಲಿ ಪರಿಚಯ ಆದವರಾ?"

ಆಮೇಲೆ ಅವರೇ ಕೂತು ಬಿಡಿಸಿ ಹೇಳಿದರು. ಅರಿಸ್ಟಾಟಲ್ ಫಿಲಿಯ ಅಂದಾಗ ಅದರಲ್ಲಿ ತಾಯಿ ಮಗು ಬರುತ್ತಾರೆ, ಗಂಡ ಹೆಂಡತಿ ಬರುತ್ತಾರೆ, ಒಂದೇ ಹಡಗಿನಲ್ಲಿ ಹೋಗುವವರು, ಒಟ್ಟಿಗೆ ಯುದ್ಧ ಮಾಡುವ ಸಿಪಾಯಿಗಳು, ವ್ಯಾಪಾರದಲ್ಲಿ ಒಬ್ಬರಿಗೊಬ್ಬರು ಬೇಕಾದವರು, ಎಲ್ಲರೂ ಬರುತ್ತಾರೆ. ಮರಿಗಳ ಮೇಲೆ ಹಕ್ಕಿಗಳಿಗಿರುವುದೂ ಅದೇ ಪದ. ಕನ್ನಡದಲ್ಲಿ ಅಷ್ಟಗಲದ ಪದ ಒಂದೂ ಇಲ್ಲ, ಅದಕ್ಕೇ ಅವರು ಜಾಗ ನೋಡಿ ಪದ ಬದಲಿಸಿದ್ದು. ನಾನು ಎರಡು ದಿನ ಕೂತು ಒಂದೊಂದನ್ನೇ ಹಿಂದಕ್ಕೆ ತಿದ್ದಿದೆ. ಹಾಗೆ ತಿದ್ದುವಾಗಲೇ ಆ ಅಧ್ಯಾಯವನ್ನು ನಿಜವಾಗಿ ಓದಿದ್ದು.

ಇಲ್ಲೇ ಒಂದು ಮಾತು. ಮೊಬೈಲಿನಲ್ಲಿ ಆಗಾಗ ಬರುತ್ತದಲ್ಲ, 'ಗ್ರೀಕರ ಏಳು ಬಗೆಯ ಪ್ರೀತಿ' ಅಂತ ಬಣ್ಣಬಣ್ಣದ ಚಿತ್ರ, ಈರೋಸ್, ಫಿಲಿಯ, ಸ್ಟೋರ್ಗೆ, ಅಗಾಪೆ, ಲೂಡಸ್ ಅಂತ ಪಟ್ಟಿ, ಅದನ್ನು ನಾನೂ ನಂಬಿದ್ದೆ. ಪ್ಲೇಟೋ ಆಗಲಿ ಅರಿಸ್ಟಾಟಲ್ ಆಗಲಿ ಅಂಥ ಪಟ್ಟಿ ಮಾಡಿಲ್ಲ. ಲೂಡಸ್ ಅಂತೂ ಗ್ರೀಕ್ ಪದವೇ ಅಲ್ಲ, ಲ್ಯಾಟಿನ್. 1973ರಲ್ಲಿ ಜಾನ್ ಅಲನ್ ಲೀ ಅನ್ನುವ ಕೆನಡಾದ ಸಮಾಜಶಾಸ್ತ್ರಜ್ಞ ಪ್ರೀತಿಯ ಬಗೆಗಳಿಗೆ ಇಟ್ಟ ಹೆಸರುಗಳಲ್ಲಿ ಅದೂ ಒಂದು. ನಿಮ್ಮದು ಯಾವ ಪ್ರೀತಿ ಅಂತ ಡಬ್ಬಿ ಹುಡುಕುವ ಆಟ ನಮ್ಮ ಕಾಲದ್ದು. ಆ ಗ್ರೀಕರ ಪ್ರಶ್ನೆ ಬೇರೆ ಇತ್ತು. ಪ್ರೀತಿ ಇದೆ ಅಂತೀಯಲ್ಲ, ಸರಿ, ಅದರಿಂದ ನೀನು ಏನು ಮಾಡುತ್ತಿದ್ದೀಯಾ?

ಮೇಷ್ಟ್ರ ಪುಸ್ತಕ ಮುಗಿದ ಮೇಲೂ ನನಗೆ ಬಿಡಲಿಲ್ಲ. ಮೂಲದ ಇಂಗ್ಲಿಷ್ ಅನುವಾದ ಹುಡುಕಿದೆ. ದುಡ್ಡು ಕೊಡಬೇಕಾಗಿಲ್ಲ. ಪ್ಲೇಟೋಗೆ ಜೋವೆಟ್ ಅವರ ಹತ್ತೊಂಬತ್ತನೇ ಶತಮಾನದ ಅನುವಾದ ಸಿಗುತ್ತದೆ. ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಸಂಗ್ರಹದಲ್ಲಿ ಗ್ರೀಕೂ ಇದೆ, ಇಂಗ್ಲಿಷೂ ಇದೆ. ಓದುವವರಿಗೆ ಒಂದು ಉಪಾಯ ಹೇಳುತ್ತೇನೆ: ಅಂಚಿನಲ್ಲಿ 189, 207 ಅಂತ ಅಂಕಿ ಇರುತ್ತದೆ, ಅದನ್ನು ಬಿಡಬೇಡಿ. ಅಂಕಿ ಹಾಕಿರುವ ಯಾವ ಅನುವಾದ ತೆಗೆದರೂ ಆ ಅಂಕಿ ಅದೇ. ಒಂದು ಅನುವಾದದಲ್ಲಿ ಅರ್ಥ ಆಗದ ಜಾಗವನ್ನು ಇನ್ನೊಂದರಲ್ಲಿ ತಕ್ಷಣ ಹಿಡಿಯಬಹುದು. ಪ್ಲೇಟೋನ ಅಂಕಿಗಳು 1578ರಲ್ಲಿ ಆನ್ರಿ ಎತಿಯೆನ್ ಅನ್ನುವವನು ಜಿನೀವಾದಲ್ಲಿ ಅಚ್ಚು ಹಾಕಿದ ಪುಸ್ತಕದ ಪುಟಸಂಖ್ಯೆಗಳು. ಅವನು ಮುದ್ರಕ, ನನ್ನ ಕಸುಬಿನವನು! ನಾನು ಹಾಕಿದ ಪುಟಸಂಖ್ಯೆ ಮರುದಿನವೇ ತಪ್ಪಾಗಿರುತ್ತದೆ, ಆ ಮಾತು ಬೇರೆ.

ಮೊದಲು ಓದಿದ್ದು ಪ್ಲೇಟೋನ ಸಿಂಪೋಸಿಯಂ. ಒಬ್ಬನೇ ಓದಿದರೆ ನಿದ್ದೆ ಬರುತ್ತಿತ್ತು, ಅದಕ್ಕೆ ಜೋರಾಗಿ ಓದಿ ಕನ್ನಡದಲ್ಲಿ ಹೆಂಡತಿಗೆ ಹೇಳತೊಡಗಿದೆ. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಸುಲಭಕ್ಕೆ ಯಾವುದನ್ನೂ ಒಪ್ಪುವವಳಲ್ಲ. ಕಥೆ ಇಷ್ಟು. ಕ್ರಿ.ಪೂ. 416ರಲ್ಲಿ ಅಥೆನ್ಸಿನಲ್ಲಿ ಅಗಥಾನ್ ಅನ್ನುವ ಕವಿಯ ನಾಟಕಕ್ಕೆ ಬಹುಮಾನ ಬಂದಿದೆ. ಮನೆಯಲ್ಲಿ ಪಾರ್ಟಿ. ಎಲ್ಲರಿಗೂ ಹಿಂದಿನ ರಾತ್ರಿ ಕುಡಿದದ್ದೇ ಇನ್ನೂ ಇಳಿದಿಲ್ಲ, ಇವತ್ತು ಕಡಿಮೆ ಕುಡಿಯೋಣ, ಬದಲಿಗೆ ಒಬ್ಬೊಬ್ಬರೂ ಪ್ರೀತಿಯ ಮೇಲೆ ಮಾತಾಡೋಣ ಅಂತಾರೆ. ಸಾಕ್ರಟೀಸ್ ಬರುವ ದಾರಿಯಲ್ಲೇ ಪಕ್ಕದ ಮನೆ ಜಗಲಿಯಲ್ಲಿ ಯೋಚನೆ ಮಾಡುತ್ತಾ ನಿಂತುಬಿಟ್ಟಿದ್ದಾನೆ, ಅರ್ಧ ಊಟ ಆದ ಮೇಲೆ ಬರುತ್ತಾನೆ.

ಒಂಬತ್ತನೇ ಕ್ಲಾಸಿನ ಮಗಳಿಗೆ ಆ ಪಾರ್ಟಿಯಲ್ಲಿ ಮಾತಾಡುವ ಅರಿಸ್ಟೋಫನೀಸ್ ಅನ್ನುವ ನಾಟಕಕಾರನ ಭಾಗ ಮಾತ್ರ ಕೊಟ್ಟೆವು. ಅವನ ಸರದಿ ಬಂದಾಗ ಬಿಕ್ಕಳಿಕೆ ಹಿಡಿಯುತ್ತದೆ. ಪಕ್ಕದಲ್ಲಿದ್ದ ವೈದ್ಯ ಹೇಳುತ್ತಾನೆ, ಉಸಿರು ಬಿಗಿಹಿಡಿ, ನೀರು ಮುಕ್ಕಳಿಸು, ಅದಕ್ಕೂ ಹೋಗದಿದ್ದರೆ ಮೂಗಿಗೆ ಏನಾದರೂ ತೂರಿಸಿ ಸೀನು. ಎರಡೂವರೆ ಸಾವಿರ ವರ್ಷದ ಹಿಂದಿನ ಮನೆಮದ್ದು ಮತ್ತು ನಮ್ಮಜ್ಜಿಯ ಮನೆಮದ್ದು ಒಂದೇ ಅಂತ ಮಗಳು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವನ ಪ್ರಸಿದ್ಧ ಕಥೆ. ಮೊದಲು ಮನುಷ್ಯರಿಗೆ ನಾಲ್ಕು ಕೈ, ನಾಲ್ಕು ಕಾಲು, ಎರಡು ಮುಖ ಇತ್ತಂತೆ. ಸೊಕ್ಕು ಜಾಸ್ತಿಯಾಗಿ ದೇವರುಗಳ ಮೇಲೇ ಏರಿ ಹೋದರು. ದೇವರುಗಳ ರಾಜ ಜ್ಯೂಸ್ ಅವರನ್ನು ಕೂದಲಿನಿಂದ ಮೊಟ್ಟೆ ಸೀಳಿದ ಹಾಗೆ ಎರಡು ಹೋಳು ಮಾಡಿದ. ಅಂದಿನಿಂದ ಪ್ರತಿ ಅರ್ಧವೂ ತನ್ನ ಇನ್ನೊಂದು ಅರ್ಧವನ್ನು ಹುಡುಕುತ್ತಿದೆ.

ನಾನು ಎಷ್ಟು ಲಗ್ನಪತ್ರಿಕೆಗಳಲ್ಲಿ 'ಎರಡು ದೇಹ ಒಂದು ಜೀವ' ಅಂತ ಅಚ್ಚು ಹಾಕಿದ್ದೇನೋ ಲೆಕ್ಕ ಇಲ್ಲ. ಆದರೆ ಪ್ಲೇಟೋ ಈ ಕಥೆಯನ್ನು ಇಟ್ಟಿರುವುದು ನಗೆನಾಟಕ ಬರೆಯುವವನ ಬಾಯಲ್ಲಿ, ಬಿಕ್ಕಳಿಕೆ ಆದ ಮೇಲೆ. ಸ್ವಲ್ಪ ಹೊತ್ತಿಗೆ ಸಾಕ್ರಟೀಸ್ ಒಬ್ಬ ಹೆಂಗಸಿನ ಮಾತು ಹೇಳುತ್ತಾನೆ. ಮಾಂಟಿನೀಯ ಊರಿನ ಡಯೋಟಿಮ. ಪ್ರೀತಿಯ ಪಾಠ ನನಗೆ ಹೇಳಿಕೊಟ್ಟವಳು ಅವಳೇ ಅನ್ನುತ್ತಾನೆ. ಅವಳು ಈ ಅರ್ಧದ ಕಥೆಯನ್ನು ಒಂದೇ ಮಾತಲ್ಲಿ ತಳ್ಳಿಹಾಕುತ್ತಾಳೆ: ಕೊಳೆತಿದೆ ಅಂತ ಗೊತ್ತಾದರೆ ಜನ ತಮ್ಮದೇ ಕೈಕಾಲನ್ನೂ ಕತ್ತರಿಸಿಕೊಳ್ಳುತ್ತಾರೆ, ನನ್ನದು ಅನ್ನುವ ಕಾರಣಕ್ಕೆ ಯಾರೂ ಏನನ್ನೂ ಪ್ರೀತಿಸುವುದಿಲ್ಲ, ಒಳ್ಳೆಯದಾಗಿದ್ದರೆ ಮಾತ್ರ.

ಅವಳ ಮೆಟ್ಟಿಲುಗಳ ಮಾತು ಎಲ್ಲರಿಗೂ ಗೊತ್ತು. ಒಂದು ಚೆಂದದ ದೇಹದಿಂದ ಶುರುವಾಗಿ ಎಲ್ಲ ದೇಹ, ಆಮೇಲೆ ಮನಸ್ಸು, ಕಾನೂನು, ವಿದ್ಯೆ, ಕೊನೆಗೆ ಚೆಲುವು ಅನ್ನುವುದನ್ನೇ ಕಾಣುವುದು. ನಿಜ ಹೇಳಬೇಕೆಂದರೆ ನನಗೆ ಅದು ಹತ್ತಲಿಲ್ಲ. ಎರಡನೇ ಮೆಟ್ಟಿಲಲ್ಲೇ ಹೆಂಡತಿ ಹುಬ್ಬು ಗಂಟು ಹಾಕಿದಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕಿಂತ ಸ್ವಲ್ಪ ಮೊದಲು, 207-208ರ ಹತ್ತಿರ ಬರುವ ಸಣ್ಣ ಮಾತು. ಮನುಷ್ಯ ಹುಟ್ಟಿದಾಗಿನಿಂದ ಮುದುಕನಾಗುವವರೆಗೆ ಒಬ್ಬನೇ ಅಂತೀವಲ್ಲ, ಅವನ ಕೂದಲು, ಮಾಂಸ, ಮೂಳೆ, ರಕ್ತ ಎಲ್ಲವೂ ಹೋಗಿ ಹೊಸದು ಬರುತ್ತಿರುತ್ತದೆ ಅನ್ನುತ್ತಾಳೆ ಡಯೋಟಿಮ. ದೇಹ ಅಷ್ಟೇ ಅಲ್ಲ, ಅಭ್ಯಾಸ, ಅಭಿಪ್ರಾಯ, ಆಸೆ, ಭಯ, ಕಲಿತ ವಿದ್ಯೆ ಕೂಡ. ಓದಿದ್ದು ಹೊರಟು ಹೋಗುತ್ತಿರುತ್ತದೆ. ಮತ್ತೆ ಮತ್ತೆ ಓದಿದಾಗ ಹೋದದ್ದರ ಜಾಗಕ್ಕೆ ಹೊಸದು ಬರುತ್ತದೆ, ಅದಕ್ಕೇ ಅದು ಹಳೆಯದೇ ಇದ್ದ ಹಾಗೆ ಕಾಣುತ್ತದೆ.

"ಪಾತ್ರೆ ತೊಳೆದ ಹಾಗೆ" ಅಂದಳು ಇವಳು. "ನಿನ್ನೆ ತೊಳೆದಿದ್ದೀನಲ್ಲ ಅಂದರೆ ಆಯ್ತಾ? ಇವತ್ತೂ ತೊಳೀಬೇಕು. ತೊಳೆಯೋದು ಯಾರು ಅನ್ನೋದೇ ಪ್ರಶ್ನೆ."

ಕೊನೆಗೆ ಪಾರ್ಟಿಗೆ ಅಥೆನ್ಸಿನ ರಾಜಕಾರಣಿ ಆಲ್ಸಿಬಯಾಡೀಸ್ ಕುಡಿದು ನುಗ್ಗುತ್ತಾನೆ, ಗಲಾಟೆ ಆಗುತ್ತದೆ, ಒಬ್ಬೊಬ್ಬರೇ ನಿದ್ದೆ ಹೋಗುತ್ತಾರೆ. ಬೆಳಗಿನವರೆಗೆ ಮಾತಾಡುತ್ತಾ ಕೂತವರಲ್ಲಿ ಕೊನೆಗೆ ಎಚ್ಚರ ಉಳಿಯುವವನು ಸಾಕ್ರಟೀಸ್ ಒಬ್ಬನೇ. ಎದ್ದು ಲೈಸಿಯಂ ಅನ್ನುವ ವ್ಯಾಯಾಮಶಾಲೆಗೆ ಹೋಗಿ ಕೈಕಾಲು ಮುಖ ತೊಳೆದು, ದಿನವೆಲ್ಲ ಎಂದಿನ ಹಾಗೆ ಕಳೆದು, ಸಂಜೆ ಮನೆಗೆ ಹೋಗಿ ಮಲಗುತ್ತಾನೆ. ಅಷ್ಟು ದೊಡ್ಡ ಮಾತುಗಳ ಪುಸ್ತಕ ಇಷ್ಟು ಸಪ್ಪೆಯಾಗಿ ಮುಗಿಯುತ್ತದೆ.

ಇನ್ನು ದನಗಳ ವಿಷಯ.

ಅರಿಸ್ಟಾಟಲ್‌ನ ನೀತಿಶಾಸ್ತ್ರದಲ್ಲಿ ಹತ್ತು ಭಾಗ. ಎಂಟು, ಒಂಬತ್ತು ಪೂರ್ತಿ ಫಿಲಿಯ ಮೇಲೆ. ಅದನ್ನು ನಾನು ರಾತ್ರಿ ಮೊಬೈಲಿನಲ್ಲೇ ಓದುತ್ತಿದ್ದೆ. ಅವತ್ತು ಒಂಬತ್ತೂವರೆ ಇರಬೇಕು. ಇವಳು ಸೋಫಾದ ಆ ತುದಿಯಲ್ಲಿ ಟೆಸ್ಟ್ ಪೇಪರ್ ತಿದ್ದುತ್ತಿದ್ದಾಳೆ, ಮಗಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೆಳಗೆ ಕೂತಿದ್ದಾಳೆ, ನಾನು ಈ ತುದಿಯಲ್ಲಿ. ಟಿವಿ ಸುಮ್ನೆ ಓಡುತ್ತಿದೆ. ಒಂಬತ್ತನೇ ಭಾಗದ ಕೊನೆ ಹತ್ತಿರ ಬಂದ ಒಂದು ಸಾಲು ಚೆನ್ನಾಗಿದೆ ಅನ್ನಿಸಿ ಜೋರಾಗಿ ಹೇಳಿದೆ. ಮನುಷ್ಯರು ಜೊತೆಗೆ ಬಾಳುವುದು ಅಂದರೆ ಮಾತನ್ನು, ಯೋಚನೆಯನ್ನು ಹಂಚಿಕೊಳ್ಳುವುದು. ದನಗಳ ಹಾಗೆ ಒಂದೇ ಜಾಗದಲ್ಲಿ ಮೇಯುವುದಲ್ಲ.

ಇವಳು ಪೆನ್ನು ಎತ್ತಲಿಲ್ಲ. "ಯಾರಿಗೆ ಹೇಳ್ತಿದ್ದೀರಿ?" ಅಂದಳು.

ಅಲ್ಲಿಂದ ಶುರು. ಹನ್ನೊಂದು ಗಂಟೆಯವರೆಗೆ ನಡೆಯಿತು. ಗ್ಯಾಸ್ ಬುಕ್ ಮಾಡಿದ್ದೀಯಾ, ಫೀಸ್ ಕಟ್ಟಿದೆಯಾ, ನಾಳೆ ಹಾಲು ಜಾಸ್ತಿ ತರಬೇಕಾ, ಇದು ಬಿಟ್ಟು ನೀವು ನನ್ನ ಜೊತೆ ಮಾತಾಡಿ ಎಷ್ಟು ವರ್ಷ ಆಯ್ತು ಅಂತ ಕೇಳಿದಳು. ನಾನು ಪ್ರೆಸ್ಸಿನ ಕಷ್ಟ ಹೇಳಿದೆ. ಅವಳು ಸ್ಕೂಲಿನ ಕಷ್ಟ ಹೇಳಿದಳು, ಅದರಲ್ಲಿ ಅರ್ಧ ನಾನು ಅವತ್ತೇ ಮೊದಲು ಕೇಳಿದ್ದು. ಕೊನೆಗೆ ಎದ್ದು ಹೋಗುತ್ತಾ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ದನಕ್ಕೆ ಯಾಕೆ ಬೈತೀರಿ? ದನ ಮೆಲುಕಾದರೂ ಹಾಕುತ್ತೆ."

ಮರುದಿನದಿಂದ ಮಾಡಿದ ಪ್ರಯತ್ನಗಳಲ್ಲಿ ಮೊದಲನೆಯದು ಹಾಳಾಯಿತು. ಊಟದ ಹೊತ್ತಿಗೆ ಮೊಬೈಲೆಲ್ಲ ಸ್ಟೀಲ್ ಡಬ್ಬಿಗೆ ಹಾಕುವುದು ಅಂತ ಮಾಡಿದೆವು. ನಾಲ್ಕು ದಿನ ನಡೆಯಿತು. ಡಬ್ಬಿಯೊಳಗೆ ಮೊಬೈಲ್ ಗುಂಯ್ ಅಂದಾಗ ಮೂವರ ಕಣ್ಣೂ ಡಬ್ಬಿ ಮೇಲೆ. 'ಇವತ್ತು ಏನು ಯೋಚನೆ ಮಾಡಿದೆ?' ಅಂತ ಕೇಳಿದರೆ ಇಂಟರ್‌ವ್ಯೂ ಮಾಡಿದ ಹಾಗೆ ಆಗುತ್ತಿತ್ತು. ಮಾತಾಡೋಣ ಬಾ ಅಂತ ಕೂತರೆ ಮಾತು ಬರುವುದಿಲ್ಲ, ಅಲ್ವಾ?

ಉಪಾಯ ಅದೇ ಒಂಬತ್ತನೇ ಭಾಗದ ಕೊನೆಯಲ್ಲಿತ್ತು. ಗೆಳೆಯರು ಯಾವುದನ್ನು ಇಷ್ಟಪಡುತ್ತಾರೋ ಅದನ್ನೇ ಒಟ್ಟಿಗೆ ಮಾಡುತ್ತಾ ದಿನ ಕಳೆಯುತ್ತಾರೆ ಅನ್ನುತ್ತಾನೆ. ಕೆಲವರು ಒಟ್ಟಿಗೆ ಕುಡಿಯುತ್ತಾರೆ, ಕೆಲವರು ದಾಳ ಹಾಕುತ್ತಾರೆ, ಕೆಲವರು ಬೇಟೆಗೆ ಹೋಗುತ್ತಾರೆ, ಕೆಲವರು ತತ್ತ್ವ ಮಾತಾಡುತ್ತಾರೆ. ಅಂದರೆ ಮಾತಿಗೆ ಕೈಯಲ್ಲೊಂದು ಕೆಲಸ ಬೇಕು. ನನ್ನ ಹತ್ತಿರ ಇದ್ದ ಕೆಲಸ ಪ್ರೂಫ್. ರಾತ್ರಿ ಪ್ರೂಫ್ ಮನೆಗೆ ತರತೊಡಗಿದೆ. ಇವಳು ಮೂಲ ಓದುತ್ತಾಳೆ, ನಾನು ಅಚ್ಚು ನೋಡುತ್ತೇನೆ. ಅರ್ಧ ಗಂಟೆಯ ಕೆಲಸ ಒಂದೂವರೆ ಗಂಟೆ ಆಗುತ್ತದೆ. ಯಾರದೋ ಶ್ರದ್ಧಾಂಜಲಿ ಕಾರ್ಡಿನಲ್ಲಿ ಆರು ಗಂಡುಮಕ್ಕಳ ಹೆಸರಿದ್ದು ಹೆಣ್ಣುಮಕ್ಕಳ ಹೆಸರೇ ಇಲ್ಲದಿದ್ದರೆ ಅಲ್ಲಿಂದ ಮಾತು ಅವಳ ತವರಿಗೆ ಹೋಗುತ್ತದೆ, ಅವರಪ್ಪನ ಆಸ್ತಿ ಪತ್ರಕ್ಕೆ ಹೋಗುತ್ತದೆ, ನನಗೆ ಇಪ್ಪತ್ತು ವರ್ಷ ಹೇಳದ ಒಂದು ಸಂಗತಿಗೆ ಹೋಗುತ್ತದೆ. ಆ ಸಂಗತಿ ಇಲ್ಲಿ ಬೇಡ.

ಅರಿಸ್ಟಾಟಲ್ ಒಂದು ಹಳೇ ಗಾದೆ ಹೇಳುತ್ತಾನೆ, ಒಟ್ಟಿಗೆ ಉಪ್ಪು ತಿನ್ನದೆ ಒಬ್ಬರಿಗೊಬ್ಬರು ಗೊತ್ತಾಗುವುದಿಲ್ಲ ಅಂತ. ಉಪ್ಪುಂಡ ಮನೆಗೆ ಎರಡು ಬಗೆಯಬೇಡ ಅನ್ನುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ನಾವು ಇಪ್ಪತ್ತು ವರ್ಷ ಒಂದೇ ಡಬ್ಬಿಯ ಉಪ್ಪು ತಿಂದವರು. ತಿಂದದ್ದು ಬೇರೆ ಬೇರೆ ಕೂತು, ಅಷ್ಟೇ.

ಅವನನ್ನು ಪೂರ್ತಿ ಒಪ್ಪಿಕೊಳ್ಳಬೇಕಾಗಿಲ್ಲ ಅನ್ನುವುದನ್ನೂ ಹೇಳಬೇಕು. ಎಂಟನೇ ಭಾಗದಲ್ಲಿ ಗಂಡ ಹೆಂಡತಿ ವಿಷಯ ಬರುತ್ತದೆ. ಮನುಷ್ಯ ಊರು ಕಟ್ಟುವುದಕ್ಕಿಂತ ಮೊದಲು ಜೋಡಿಯಾಗುವ ಪ್ರಾಣಿ, ಗಂಡ ಹೆಂಡತಿ ಮಧ್ಯೆ ಉಪಯೋಗವೂ ಇದೆ, ಸಂತೋಷವೂ ಇದೆ, ಇಬ್ಬರೂ ಒಳ್ಳೆಯವರಾದರೆ ಗುಣದಿಂದ ಹುಟ್ಟುವ ಫಿಲಿಯಾನೂ ಇರಬಹುದು ಅನ್ನುತ್ತಾನೆ. ಚೆನ್ನಾಗಿದೆ, ಆದರೆ ಅದೇ ಭಾಗದಲ್ಲಿ ಯೋಗ್ಯತೆಯ ಪ್ರಕಾರ ಆಳುವವನು ಗಂಡ ಅಂತಲೂ ಅನ್ನುತ್ತಾನೆ. ಇವಳು ಅದನ್ನು ಓದಿ ಮೊಬೈಲ್ ನನ್ನ ಕೈಗೆ ವಾಪಸ್ ಕೊಟ್ಟಳು, ಒಂದು ಮಾತೂ ಆಡಲಿಲ್ಲ. ಗುಲಾಮರ ವಿಷಯದಲ್ಲಿ ಅವನ ಮಾತು ಇನ್ನೂ ಕೆಟ್ಟದು. ಸಿಂಪೋಸಿಯಂನಲ್ಲೂ ಮಾತು ನಡೆಯುವುದು ಬಹುಪಾಲು ದೊಡ್ಡ ಗಂಡಸರು ಹದಿಹರೆಯದ ಹುಡುಗರ ಮೇಲೆ ಇಟ್ಟ ಪ್ರೀತಿಯ ಬಗ್ಗೆ, ಕೊಳಲೂದುವ ಹುಡುಗಿಯನ್ನು ಮೊದಲೇ ಹೊರಗೆ ಕಳಿಸಿರುತ್ತಾರೆ. ಅದನ್ನು ಮುಚ್ಚಿಟ್ಟು ಓದಬಾರದು.

ಆದರೆ ಅರಿಸ್ಟಾಟಲ್‌ನ ಉಯಿಲು ಉಳಿದುಬಂದಿದೆ, ತತ್ತ್ವಜ್ಞಾನಿಗಳ ಜೀವನಕಥೆ ಬರೆದ ಡಯೋಜನೀಸ್ ಲೇರ್ಶಿಯಸ್ ಬರೆದಿಟ್ಟಿದ್ದಾನೆ. ಅದನ್ನು ಇವಳಿಗೆ ತೋರಿಸಿದೆ. ಕ್ರಿ.ಪೂ. 322ರಲ್ಲಿ ಸತ್ತವನು. ನನ್ನನ್ನು ಎಲ್ಲಿ ಹೂಳುತ್ತೀರೋ ಅಲ್ಲೇ ಪಿಥಿಯಾಸ್‌ಳ ಮೂಳೆಗಳನ್ನೂ ತಂದಿಡಿ, ಅವಳು ಹಾಗೆ ಕೇಳಿಕೊಂಡಿದ್ದಳು ಅಂತ ಬರೆದಿದ್ದಾನೆ. ಪಿಥಿಯಾಸ್ ಅವನಿಗಿಂತ ಮೊದಲೇ ತೀರಿಕೊಂಡ ಹೆಂಡತಿ. ಆಮೇಲೆ ಜೊತೆಗಿದ್ದ ಹೆರ್ಪಿಲಿಸ್ ನನ್ನನ್ನು ಚೆನ್ನಾಗಿ ನೋಡಿಕೊಂಡಳು, ಅವಳಿಗೆ ಹಣ ಕೊಡಿ, ಕ್ಯಾಲ್ಕಿಸ್‌ನಲ್ಲೋ ಸ್ಟಾಗೈರದಲ್ಲೋ ಅವಳು ಕೇಳಿದ ಕಡೆ ಮನೆ ಕೊಡಿ, ಮದುವೆಯಾಗಬೇಕು ಅಂದರೆ ಯೋಗ್ಯನಿಗೇ ಕೊಡಿ. "ಪುಸ್ತಕಕ್ಕಿಂತ ಉಯಿಲು ವಾಸಿ" ಅಂದಳು ಇವಳು. ನನಗೂ ಹಾಗೇ ಅನ್ನಿಸುತ್ತದೆ.

ಎಂಟನೇ ಭಾಗ ನನಗೆ ಇನ್ನೊಂದು ಕೆಲಸ ಹಚ್ಚಿತು, ಅದು ಇದಕ್ಕಿಂತ ಕಷ್ಟದ್ದು. ನನಗೊಬ್ಬ ಗೆಳೆಯ ಇದ್ದ. ಇದ್ದ ಅಂದೆ, ಈಗಲೂ ಇದ್ದಾನೆ, ಪುಣೆಯಲ್ಲಿ. 2014ರಲ್ಲಿ ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮಷೀನ್ ತೆಗೆದುಕೊಳ್ಳುವಾಗ ಎಪ್ಪತ್ತೈದು ಸಾವಿರ ಕಡಿಮೆ ಬಿತ್ತು, ಅವನು ಕೊಟ್ಟ. "ಆದಾಗ ಕೊಡು, ಆಗದಿದ್ರೂ ಪರವಾಗಿಲ್ಲ, ನಮ್ಮಲ್ಲೇನು ಲೆಕ್ಕ" ಅಂದ. ನಾನು ಆ ಮಾತನ್ನು ಹಾಗೇ ತೆಗೆದುಕೊಂಡೆ. ನಾಲ್ಕು ವರ್ಷ ಆದ ಮೇಲೆ ಅವನ ಮಗಳ ಮದುವೆಗೆ ಐನೂರು ಒಳ್ಳೇ ಕಾರ್ಡು ಪುಕ್ಕಟೆ ಮಾಡಿಕೊಟ್ಟು, ಸರಿ ಹೋಯಿತು ಅಂದುಕೊಂಡೆ. ಅವನು ಅಂದುಕೊಳ್ಳಲಿಲ್ಲ. ಮದುವೆ ಮನೆಯಲ್ಲೇ ಮುಖ ತಿರುಗಿಸಿದ. ಆಮೇಲೆ ಆರು ವರ್ಷ ಮಾತಿಲ್ಲ. ಎಂಥ ಮನುಷ್ಯ, ದುಡ್ಡಿಗೋಸ್ಕರ ಸ್ನೇಹ ಬಿಟ್ಟ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಅರಿಸ್ಟಾಟಲ್ ಫಿಲಿಯವನ್ನು ಮೂರು ಬಗೆ ಮಾಡುತ್ತಾನೆ. ಉಪಯೋಗಕ್ಕೆ, ಸಂತೋಷಕ್ಕೆ, ಗುಣಕ್ಕೆ. ದೂರು, ಜಗಳ ಹುಟ್ಟುವುದು ಬಹುಪಾಲು ಮೊದಲನೆಯದರಲ್ಲಿ. ಅದರಲ್ಲೂ ಕರಾರು ಮಾಡದೆ, ಸ್ನೇಹಕ್ಕೆ ಕೊಟ್ಟೆ ಅನ್ನುವ ಹಾಗೆ ಕೊಟ್ಟಾಗ. ಕೊಟ್ಟವನು ಬಾಯಲ್ಲಿ ಏನೇ ಹೇಳಲಿ, ಸಾಲ ಕೊಟ್ಟವನ ಹಾಗೆ ಅಷ್ಟೇ, ಇಲ್ಲ ಅದಕ್ಕಿಂತ ಜಾಸ್ತಿ ವಾಪಸ್ ಬರಲಿ ಅಂತ ಕಾಯುತ್ತಾನೆ. ಆಮೇಲೆ ಅಳತೆಯ ಜಗಳ. ಪಡೆದವನು ಅನ್ನುತ್ತಾನೆ, ಅದೇನು ಮಹಾ, ಬೇರೆ ಯಾರ ಹತ್ತಿರವಾದರೂ ಸಿಗುತ್ತಿತ್ತು. ಕೊಟ್ಟವನು ಅನ್ನುತ್ತಾನೆ, ನನ್ನ ಹತ್ತಿರ ಇದ್ದದ್ದೇ ಅದು, ಅವನ ಕಷ್ಟದ ಹೊತ್ತಲ್ಲಿ ಕೊಟ್ಟೆ. ಓದುತ್ತಾ ನನಗೆ ಮೈ ಬಿಸಿಯಾಯಿತು. ನಮ್ಮಿಬ್ಬರ ಮಾತನ್ನು ಯಾರೋ ಬಾಗಿಲ ಹಿಂದೆ ನಿಂತು ಕೇಳಿ ಬರೆದ ಹಾಗಿತ್ತು.

ಹಾಗಾದರೆ ಏನು ಮಾಡಬೇಕು? ಅದನ್ನೂ ಹೇಳುತ್ತಾನೆ. ಕೈಲಾದರೆ ಪಡೆದಷ್ಟು ಬೆಲೆಯದ್ದನ್ನು ಹಿಂದಿರುಗಿಸು, ಯಾರನ್ನೂ ಅವರ ಇಷ್ಟಕ್ಕೆ ವಿರುದ್ಧವಾಗಿ ಗೆಳೆಯ ಮಾಡಿಕೊಳ್ಳಬಾರದು. ಈ ಕೊನೆಯ ಮಾತು ಓದಿ ಮೊಬೈಲ್ ಕೆಳಗಿಟ್ಟೆ. ನಾನು ಮಾಡಿದ್ದು ಅದೇ. ಅವನು ಸಾಲ ಕೊಟ್ಟವನು, ನಾನು ಅವನನ್ನು ಬಲವಂತವಾಗಿ ಧಾರಾಳಿ ಗೆಳೆಯ ಮಾಡಿದ್ದೆ, ಯಾಕಂದರೆ ಅದು ನನಗೆ ಅಗ್ಗ. ಇಂಥ ಲೆಕ್ಕದಲ್ಲಿ ಅಳತೆ ಪಡೆದವನಿಗಾದ ಉಪಯೋಗ ಅಂತಲೂ ಹೇಳುತ್ತಾನೆ. ಆ ಮಷೀನ್ ಒಂಬತ್ತು ವರ್ಷ ಓಡಿ ನಮ್ಮ ಮನೆಗೆ ಅನ್ನ ಹಾಕಿದೆ. ಐನೂರು ಕಾರ್ಡು ಅದಕ್ಕೆ ಯಾವ ಮೂಲೆಗೆ?

ಇನ್ನೊಂದು ಕಡೆ ಬರುತ್ತದೆ: ದ್ರಾಕ್ಷಾರಸವನ್ನು ಪ್ರೀತಿಸುವವನು ಅದಕ್ಕೆ ಒಳ್ಳೆಯದಾಗಲಿ ಅಂತ ಬಯಸುವುದಿಲ್ಲ, ಕೆಡದೇ ಇರಲಿ, ನನಗೆ ಕುಡಿಯೋಕೆ ಸಿಗಲಿ ಅಂತ ಬಯಸುತ್ತಾನೆ. ಆ ಗೆಳೆಯನ ಬಗ್ಗೆ ನನ್ನದು ಅಂಥದೇ ಪ್ರೀತಿ ಆಗಿತ್ತು ಅಂತ ಒಪ್ಪಿಕೊಳ್ಳೋಕೆ ಒಂದು ವಾರ ಹಿಡಿಯಿತು.

ಎಪ್ಪತ್ತೈದು ಸಾವಿರವನ್ನು ಮೂರು ಕಂತು ಮಾಡಿದೆ. ಮೊದಲ ಕಂತು ಕಳಿಸಿ, 'ಇದು ಸಾಲ, ನಾನು ತಡ ಮಾಡಿದೆ' ಅಂತ ಅಷ್ಟೇ ಮೆಸೇಜು ಹಾಕಿದೆ. ಅರ್ಧ ಗಂಟೆಯಲ್ಲಿ ದುಡ್ಡು ವಾಪಸ್ ಬಂತು. ಮತ್ತೆ ಕಳಿಸಿದೆ. ಮತ್ತೆ ವಾಪಸ್. ಮೂರನೇ ಸಲ ಉಳಿಯಿತು. ಕೊನೆಯ ಕಂತು ಹೋದ ದಿನ ಫೋನ್ ಬಂತು. ಹತ್ತು ನಿಮಿಷ ಬೈದ. ಕಾರ್ಡಿನಲ್ಲಿ ಅವನ ಅಳಿಯನ ಇನಿಶಿಯಲ್ ತಪ್ಪಾಗಿತ್ತಂತೆ, ಅದನ್ನೂ ಸೇರಿಸಿ ಬೈದ! ಈಗ ಯುಗಾದಿಗೆ, ದೀಪಾವಳಿಗೆ ಫೋನ್ ಮಾಡುತ್ತೇವೆ. ಮಾತಿಲ್ಲದೆ ಎಷ್ಟೋ ಸ್ನೇಹ ಹಾಳಾಗಿವೆ ಅಂತ ಅರಿಸ್ಟಾಟಲ್ ಎತ್ತಿ ಹೇಳುವ ಒಂದು ಗಾದೆ ಇದೆ. ಹಳೆಯ ಸಲಿಗೆ ಬಂದಿಲ್ಲ, ಬರುತ್ತದೆ ಅಂತ ನಾನು ಕಾಯುತ್ತಲೂ ಇಲ್ಲ. ಬೆಳಿಗ್ಗೆ ಪ್ರೆಸ್ಸಿನ ಬೀಗ ತೆಗೆದು ಆ ಮಷೀನ್ ನೋಡಿದಾಗ ಹೊಟ್ಟೆಯಲ್ಲಿ ಏನೋ ಹಿಂಡುತ್ತಿತ್ತು, ಅದು ನಿಂತಿದೆ.

ಮೂರನೆಯದನ್ನು ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ.

2017ರಲ್ಲಿ ನಮ್ಮಮ್ಮನಿಗೆ ಪಾರ್ಶ್ವವಾಯು ಆಯಿತು. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಹೋದರು. ಬಿಲ್ಲು, ಔಷಧಿ, ಸ್ಕ್ಯಾನಿಂಗ್, ರಕ್ತ, ಎಲ್ಲ ಓಡಾಟ ನನ್ನದೇ. ಒಳಗೆ ಹೋಗಿ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂತದ್ದು 1 ದಿನವೂ ಇಲ್ಲ. ಬಾಯಿ ಒಂದು ಕಡೆ ಎಳೆದುಕೊಂಡ ಆ ಮುಖ ನೋಡಲು ಆಗುತ್ತಿರಲಿಲ್ಲ. ಕೂತವಳು ನನ್ನ ತಂಗಿ, ಹತ್ತೊಂಬತ್ತು ರಾತ್ರಿಯೂ. ತಿಥಿ ಎಲ್ಲ ಮುಗಿದ ಮೇಲೆ ಅವಳು ಹೇಳಿದಳು, ಅಮ್ಮ ದಿನಾ 'ಅವನೆಲ್ಲಿ' ಅಂತ ಕೇಳ್ತಿದ್ದರು ಅಂತ. ನಾನು ಅಂದೆ, "ನನಗೆ ನೋಡೋಕಾಗ್ತಿರಲಿಲ್ಲ ಕಣೇ, ಅಷ್ಟು ಪ್ರೀತಿ ನನಗೆ ಅಮ್ಮನ ಮೇಲೆ." ಅವಳು ಏನೂ ಹೇಳಲಿಲ್ಲ. ರಾಖಿ ಹಬ್ಬಕ್ಕೆ ಬರುವುದು ಮಾತ್ರ ನಿಲ್ಲಿಸಿದಳು.

ಇದನ್ನು ಒಂದು ದಿನ ಮೇಷ್ಟ್ರಿಗೆ ಹೇಳಿಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ಎಪಿಕ್ಟೆಟಸ್ ಅನ್ನುವ ತತ್ತ್ವಜ್ಞಾನಿಯ ಪ್ರವಚನಗಳ ಮೊದಲ ಭಾಗದಲ್ಲಿ ಹನ್ನೊಂದನೆಯದು ಓದಿ ಅಂದರು. ಎಪಿಕ್ಟೆಟಸ್ ಮೊದಲು ಗುಲಾಮನಾಗಿದ್ದು ಆಮೇಲೆ ಬಿಡುಗಡೆಯಾದವನು. ನಿಕೊಪೊಲಿಸ್ ಊರಿನಲ್ಲಿ ಪಾಠ ಹೇಳುತ್ತಿದ್ದ. ಶಿಷ್ಯ ಏರಿಯನ್ ಅವನ ಮಾತನ್ನು ಬರೆದಿಟ್ಟ. ಆ ಪ್ರವಚನ ಮನೆಯವರ ಮೇಲಿನ ಅಕ್ಕರೆಯದು. ಒಬ್ಬ ಅಧಿಕಾರಿ ಬಂದು ಹೇಳಿಕೊಳ್ಳುತ್ತಾನೆ: ನನ್ನ ಪುಟ್ಟ ಮಗಳಿಗೆ ಕಾಯಿಲೆ ಜೋರಾಗಿತ್ತು, ಉಳಿಯುವುದಿಲ್ಲ ಅನ್ನುವ ಹಾಗಿತ್ತು, ನನಗೆ ಅವಳ ಹತ್ತಿರ ಇರಲು ಆಗಲಿಲ್ಲ, ಮನೆ ಬಿಟ್ಟು ಓಡಿ ಹೋದೆ, ಹುಷಾರಾಯಿತು ಅಂತ ಯಾರೋ ಹೇಳಿದ ಮೇಲೆ ಬಂದೆ. ಅಪ್ಪ ಅಂದಮೇಲೆ ಹಾಗೆ ಆಗುವುದು ಸಹಜ ತಾನೇ?

ಎಪಿಕ್ಟೆಟಸ್ ಬೈಯುವುದಿಲ್ಲ. ಒಂದೊಂದೇ ಕೇಳುತ್ತಾ ಹೋಗುತ್ತಾನೆ. ಅವಳ ತಾಯಿಗೆ ಮಗಳ ಮೇಲೆ ಪ್ರೀತಿ ಇತ್ತಾ? ಇತ್ತು. ಹಾಗಾದರೆ ಅವಳೂ ಬಿಟ್ಟು ಓಡಬೇಕಿತ್ತಾ? ದಾದಿಗೆ ಪ್ರೀತಿ ಇತ್ತಾ? ಅವಳೂ ಓಡಬೇಕಿತ್ತಾ? ನೋಡಿಕೊಳ್ಳುವ ಆಳಿಗೂ ಇತ್ತಲ್ಲ, ಅವನು? ನಿಮ್ಮೆಲ್ಲರ ಇಷ್ಟೊಂದು ಪ್ರೀತಿಯಿಂದಾಗಿ ಆ ಮಗು ಅವಳ ಮೇಲೆ ಪ್ರೀತಿ ಇಲ್ಲದವರ ಕೈಯಲ್ಲಿ ಸಾಯಬೇಕಿತ್ತಾ? ನೀನು ಕಾಯಿಲೆ ಬಿದ್ದಾಗ ನಿನ್ನ ಹೆಂಡತಿ ಮಕ್ಕಳೂ ನಿನ್ನನ್ನು ಹೀಗೇ ಪ್ರೀತಿಸಿ ಒಬ್ಬನನ್ನೇ ಬಿಟ್ಟು ಹೋಗಲಿ ಅಂತೀಯಾ?

ಎರಡು ಪುಟ. ಪ್ರೆಸ್ಸಿನಲ್ಲಿ ಕೂತು ಓದಿದೆ. ಆಮೇಲೆ ಶಟರ್ ಅರ್ಧ ಎಳೆದು ಒಂದಷ್ಟು ಹೊತ್ತು ಸುಮ್ನೆ ಕೂತಿದ್ದೆ.

ಅಮ್ಮನ ವಿಷಯದಲ್ಲಿ ಇನ್ನು ಮಾಡುವುದು ಏನೂ ಉಳಿದಿಲ್ಲ. ಈ ಜನವರಿಯಲ್ಲಿ ನಮ್ಮ ಸೋದರಮಾವ ಅದೇ ಆಸ್ಪತ್ರೆ ಸೇರಿದರು. ಮಕ್ಕಳಿಲ್ಲದವರು, ಎಂಬತ್ತು ದಾಟಿದೆ. ರಾತ್ರಿ ನಾನು ಕೂರುತ್ತೇನೆ ಅಂದೆ. ಹೆದರಿಕೆ ಹೋಗಿತ್ತು ಅಂತ ತಿಳಿಯಬೇಡಿ. ಮೊದಲ ರಾತ್ರಿ ಎರಡು ಸಲ ಹೊರಗೆ ಬಂದು ಟೀ ಅಂಗಡಿ ಹತ್ತಿರ ನಿಂತೆ, ಕಾಲು ಗೇಟಿನ ಕಡೆಗೇ ಎಳೆಯುತ್ತಿತ್ತು. ತಾಯಿಯೂ ಓಡಬೇಕಿತ್ತಾ, ದಾದಿಯೂ ಓಡಬೇಕಿತ್ತಾ ಅಂತ ತಲೆಯಲ್ಲಿ ಅದೇ ತಿರುಗುತ್ತಿತ್ತು. ವಾಪಸ್ ಹೋದೆ. ಚಮಚದಲ್ಲಿ ನೀರು ಕುಡಿಸಿದೆ, ಗಲ್ಲದ ಮೇಲೆ ಇಳಿದದ್ದನ್ನು ಒರೆಸಿದೆ. ಗ್ಲೂಕೋಸ್ ಬಾಟಲಿಯ ಹನಿ ಎಣಿಸಿದೆ. ಮಾವ ಗಂಟೆಗೊಂದು ಸಲ ಟೈಮೆಷ್ಟು ಅಂತ ಕೇಳುವರು, ನಾನು ಹೇಳುವೆನು, ಅವರು "ಇನ್ನೂ ಅಷ್ಟೇನಾ" ಅನ್ನುವರು. ಅಷ್ಟೇ ಮಾತು, ಆರು ರಾತ್ರಿ. ಮೂರನೇ ರಾತ್ರಿ ಬ್ಲೇಡು ತಂದು ಗಡ್ಡ ಹೆರೆದೆ. ಅಮ್ಮನ ಗಲ್ಲವೇ ಅವರದ್ದೂ, ನಡುವೆ ಅದೇ ಸಣ್ಣ ಗುಳಿ.

ನಾಲ್ಕನೇ ದಿನ ಬೆಳಿಗ್ಗೆ ತಂಗಿ ಮಾವನಿಗೆ ಗಂಜಿ ತಂದಳು. ನನ್ನನ್ನು ನೋಡಿದಳು, ನಾನು ಕೂತಿದ್ದ ಕುರ್ಚಿ ನೋಡಿದಳು. ಏನಾದರೂ ಹೇಳಬಹುದು ಅಂತ ನಾನು ಎದ್ದು ನಿಂತೆ.

"ಬೆನ್ನು ಹಿಡೀತಾ?" ಅಂದಳು. "ಇಲ್ಲಿ ಕುರ್ಚಿಗಳೆಲ್ಲ ಎಡಗಡೆ ವಾಲ್ತವೆ. ಬೆಡ್‌ಶೀಟ್ ಮಡಚಿ ಎಡಗಡೆ ಇಟ್ಕೋಬೇಕು."

ಟಿಫನ್ ಬಾಕ್ಸ್ ಎರಡು ತಂದಿದ್ದಳು. ಒಂದು ನನ್ನ ಕೈಗೆ ಕೊಟ್ಟಳು. ವಾರ್ಡಿನ ನಲ್ಲಿಯಲ್ಲಿ ಮುಖ ತೊಳೆದು ಹೋಗಿ ಪ್ರೆಸ್ಸಿನ ಬಾಗಿಲು ತೆಗೆದೆ. ಲಗ್ನಪತ್ರಿಕೆ ಪಾರ್ಟಿ ಆಗಲೇ ಬಂದು ಕಾಯುತ್ತಿತ್ತು, ಹುಡುಗಿಯ ಅಜ್ಜಿಯ ಹೆಸರು ಬಿಟ್ಟುಹೋಗಿದೆಯಂತೆ.